ಗ್ರಾಹಕದ ಅನ್ವೇಷಣೆ: ಇನ್‌ಫ್ಲುಯೆಂಜಾ ವೈರಸ್ಸಿನ ಅಧ್ಯಯನದಲ್ಲಿ ಒಂದು ಚಾರಿತ್ರಿಕ ವಿವೇಚನೆ

೧. ಪೀಠಿಕೆ

ಚರಿತ್ರೆಯ ವಿದ್ಯಾರ್ಥಿಗಳಿಗೆ ೧೯೨೧ರ ಜನಗಣತಿಯು ಅಪರಿಚಿತವಾದುದಲ್ಲ. ಈಗಿನ ಭಾರತದ ಎಲ್ಲೆಗಳಿಗೆ ಹೊಂದಿಸಿ ಲೆಕ್ಕ ಹಾಕಿದರೆ, ೧೯೧೧ರಲ್ಲಿ ಸುಮಾರು ೨೫ ಕೋಟಿ ೨೧ ಲಕ್ಷವಿದ್ದ ಜನಸಂಖ್ಯೆಯು ಹತ್ತು ವರ್ಷಗಳ ತರುವಾಯ ೨೫ ಕೋಟಿ ೧೩ ಲಕ್ಷಕ್ಕೆ ಇಳಿದಿತ್ತು. ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ದೇಶದ ಜನಸಂಖ್ಯೆ ಕುಗ್ಗಿದ ದಶಕ ಇದೊಂದೇ. ಈ ಇಳಿತಕ್ಕೆ ಮುಖ್ಯ ಕಾರಣ ೧೯೧೮ರ ಇನ್‌ಫ್ಲುಯೆಂಜಾ ಪಿಡುಗು. ಭಾರತವೊಂದರಲ್ಲಿಯೇ ಅದಕ್ಕೆ ತುತ್ತಾದವರು ಒಂದು ಕೋಟಿಗೂ ಹೆಚ್ಚೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಇಷ್ಟು ದೊಡ್ಡ ಮರಣಕ್ಕೆ ಕಾರಣವಾದ ವಸ್ತು ಯಾವುದೆಂಬುದು ಅಂದು ಯಾರಿಗೂ ತಿಳಿದಿರಲಿಲ್ಲ. ೧೮೯೨ರಲ್ಲಿ ಜರ್ಮನಿಯ ಫೈಫರನು ವರ್ಣಿಸಿದ ಒಂದು ಬ್ಯಾಕ್ಟೀರಿಯವೇ ರೋಗಕಾರಣವೆಂದು ಹಲವರು ನಂಬಿದ್ದರು. ಆ ನಂಬಿಕೆ ತಪ್ಪೆಂದು ಮುಂದೆ ತಿಳಿದುಬಂದಿತು.

ಇಂದು ನಾವು ರೋಗಕಾರಣವಾದ ವೈರಸ್ಸನ್ನು ಬಲ್ಲೆವು. ಅದು ಮನುಷ್ಯನ ಶ್ವಾಸಮಾರ್ಗದ ಜೀವಕೋಶಗಳ ಮೇಲಿರುವ ಯಾವ ವಸ್ತುವನ್ನು ಹಿಡಿದು ಒಳಗೆ ಸೇರುತ್ತದೆಂಬುದನ್ನೂ ಬಲ್ಲೆವು. ಆ ವಸ್ತುವಿಗೆ ವಿಜ್ಞಾನಿಗಳು ‘ಗ್ರಾಹಕ’ ಎಂಬ ಹೆಸರನ್ನು ಕೊಟ್ಟಿದ್ದಾರೆ. ಈ ತಿಳಿವಳಿಕೆ ಹೇಗೆ ಬಂದಿತು, ಯಾವ ಕ್ರಮದಲ್ಲಿ ಬಂದಿತು ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಲೇಖಕನು ಜೀವವಿಜ್ಞಾನಿಯಲ್ಲ, ಚರಿತ್ರೆಯ ಅಧ್ಯಾಪಕ. ಆದುದರಿಂದ ಇಲ್ಲಿ ಒತ್ತು ಬಿದ್ದಿರುವುದು ಪ್ರಯೋಗಗಳ ಸೂಕ್ಷ್ಮ ವಿವರಗಳ ಮೇಲಲ್ಲ, ಒಂದು ಭಾವನೆಯು ಸಾಕ್ಷ್ಯಗಳ ಬಲದಿಂದ ನಿಶ್ಚಿತ ಜ್ಞಾನವಾಗಿ ಬೆಳೆದ ಬಗೆಯ ಮೇಲೆ. ಗ್ರಾಹಕವು ಮೊದಲು ಬರಿಯ ಹೆಸರಾಗಿತ್ತು, ಅನಂತರ ವಸ್ತುವಾಯಿತು, ಕಡೆಗೆ ಅದರ ಆಕಾರವು ಗೋಚರವಾಯಿತು. ಇದಕ್ಕಿಂತಲೂ ಗಮನಾರ್ಹವಾದ ಸಂಗತಿಯೆಂದರೆ, ವೈರಸ್ಸು ಕೋಶವನ್ನು ಹಿಡಿಯುವುದನ್ನು ನೋಡಿ ಗ್ರಾಹಕದ ಸ್ವರೂಪವನ್ನು ಕಂಡುಕೊಳ್ಳಲಾಗಲಿಲ್ಲ. ವೈರಸ್ಸು ಕೋಶವನ್ನು ಬಿಟ್ಟು ಹೋದ ಮೇಲೆ ಅಲ್ಲಿ ಏನು ಇಲ್ಲವಾಗಿತ್ತೆಂಬುದನ್ನು ನೋಡಿ ಕಂಡುಕೊಳ್ಳಲಾಯಿತು.

೨. ಹೆಸರು

ಗ್ರಾಹಕವೆಂಬ ಭಾವನೆಯು ವೈರಸ್ಸುಗಳ ಅಧ್ಯಯನದಿಂದ ಹುಟ್ಟಿದುದಲ್ಲ. ಜರ್ಮನಿಯ ಪೌಲ್ ಏರ್ಲಿಚ್ ಎಂಬ ವೈದ್ಯವಿಜ್ಞಾನಿಯು ೧೮೯೭ರಲ್ಲಿ, ರೋಗಾಣುಗಳ ವಿಷವು ಶರೀರದ ಕೆಲವು ಕೋಶಗಳನ್ನು ಮಾತ್ರ ಏಕೆ ಬಾಧಿಸುತ್ತದೆಂಬುದನ್ನು ವಿವರಿಸಲು, ಕೋಶದ ಮೇಲೆ ವಿಷವನ್ನು ಹಿಡಿಯತಕ್ಕ ಉಪಾಂಗಗಳಂತಹ ರಚನೆಗಳಿವೆಯೆಂದು ಊಹಿಸಿದನು. ೧೯೦೦ರ ಸುಮಾರಿಗೆ ಅವುಗಳನ್ನೇ ಗ್ರಾಹಕಗಳೆಂದು ಕರೆದನು. ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಲ್ಯಾಂಗ್ಲಿ ಎಂಬಾತನು ನಿಕೋಟಿನ್ ಮತ್ತು ಕ್ಯುರಾರೆ ಎಂಬ ದ್ರವ್ಯಗಳು ಸ್ನಾಯುಗಳ ಮೇಲೆ ಮಾಡುವ ಪರಿಣಾಮವನ್ನು ಪರೀಕ್ಷಿಸುತ್ತ, ೧೯೦೫ರಲ್ಲಿ ಬಹುಮಟ್ಟಿಗೆ ಇಂತಹುದೇ ನಿರ್ಣಯಕ್ಕೆ ಬಂದನು. ಇವರಿಬ್ಬರೂ ಗ್ರಾಹಕವನ್ನು ಕಂಡವರಲ್ಲ. ಒಂದು ಕಾರ್ಯವು ನಡೆಯುತ್ತಿರುವುದರಿಂದ ಅದಕ್ಕೊಂದು ಆಶ್ರಯವಿರಬೇಕೆಂದು ತರ್ಕಿಸಿದವರು. ಆಸ್ಥಾನದ ವಿವರವೊಂದೂ ಉಳಿದಿಲ್ಲದಿದ್ದರೂ ದೂರದ ಊರುಗಳಲ್ಲಿ ದೊರೆಯುವ ದಾನಶಾಸನಗಳಿಂದ ಅರಸನೊಬ್ಬನಿದ್ದನೆಂದು ನಾವು ನಿರ್ಧರಿಸುವಂತೆಯೇ ಇದೂ. ಅಂತಹ ತರ್ಕವು ಅವಶ್ಯಕವಾದುದು. ಆದರೆ ಹೆಸರಿಟ್ಟ ಮಾತ್ರಕ್ಕೆ ವಸ್ತುವಿನ ಸ್ವರೂಪವು ತಿಳಿದಂತಾಗುವುದಿಲ್ಲ.

ವೈರಸ್ಸುಗಳ ವಿಷಯದಲ್ಲಿ ಈ ಭಾವನೆಗೆ ವಿಶೇಷ ಸ್ಥಾನವುಂಟು. ವೈರಸ್ಸು ತನ್ನಷ್ಟಕ್ಕೆ ಚಲಿಸಲಾರದು, ಉಣ್ಣಲಾರದು, ವೃದ್ಧಿ ಹೊಂದಲಾರದು. ಜೀವಂತ ಕೋಶವೊಂದರ ಒಳಹೊಕ್ಕು, ಅದರ ಸಾಧನಗಳನ್ನು ಬಳಸಿಕೊಂಡು ಮಾತ್ರ ತನ್ನ ಪ್ರತಿಗಳನ್ನು ನಿರ್ಮಿಸಿಕೊಳ್ಳಬಲ್ಲದು. ಕೋಶದ ಬಳಿಗೆ ಅದು ಬರುವುದು ಆಕಸ್ಮಿಕವಾಗಿ; ಬಂದಾಗ ಹಿಡಿದುಕೊಳ್ಳಲು ಆಸರೆಯಿಲ್ಲದಿದ್ದರೆ ಜಾರಿಹೋಗುತ್ತದೆ. ಆದುದರಿಂದ ಯಾವ ವೈರಸ್ಸು ಯಾವ ಪ್ರಾಣಿಯನ್ನು, ಆ ಪ್ರಾಣಿಯ ಯಾವ ಅಂಗವನ್ನು ಬಾಧಿಸುವುದೆಂಬ ಪ್ರಶ್ನೆಯ ಬಹುಭಾಗವು ಗ್ರಾಹಕದ ಪ್ರಶ್ನೆಯೇ ಆಗಿದೆ.

೩. ಆಕಸ್ಮಿಕ ಮತ್ತು ಅವಲೋಕನ

ಗ್ರಾಹಕವನ್ನು ಅರಸುವುದಕ್ಕೆ ಮೊದಲು ವೈರಸ್ಸೇ ಕೈಗೆ ಸಿಗಬೇಕಷ್ಟೆ. ೧೯೩೧ರಲ್ಲಿ ಅಮೆರಿಕದ ರಿಚರ್ಡ್ ಶೋಪನು ಹಂದಿಗಳ ಇನ್‌ಫ್ಲುಯೆಂಜಾ ವೈರಸ್ಸಿನಿಂದ ಬರುವುದೆಂದು ತೋರಿಸಿದನು. ೧೯೩೩ರಲ್ಲಿ ಲಂಡನ್ನಿನ ವಿಲ್ಸನ್ ಸ್ಮಿತ್, ಆಂಡ್ರೂಸ್ ಮತ್ತು ಲೇಡ್ಲಾ ಎಂಬವರು ರೋಗಿಗಳ ಗಂಟಲಿನ ದ್ರವವನ್ನು ಶೋಧಿಸಿ ಫೆರೆಟ್ ಎಂಬ ಸಣ್ಣ ಪ್ರಾಣಿಗಳ ಮೂಗಿನಲ್ಲಿ ಹಾಕಿ, ಮನುಷ್ಯರ ರೋಗವನ್ನು ಅವುಗಳಲ್ಲಿ ಉಂಟುಮಾಡಿದರು. ಕೆಲವೇ ವರ್ಷಗಳಲ್ಲಿ ಈ ವೈರಸ್ಸನ್ನು ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ಬೆಳೆಸುವ ಕ್ರಮವು ರೂಢಿಗೆ ಬಂದಿತು. ಮುಂದಿನ ಇತಿಹಾಸವೆಲ್ಲ ಈ ಕೋಳಿಮೊಟ್ಟೆಯಿಂದ ಹೊರಟುದೆಂದರೆ ತಪ್ಪಾಗದು.

ನ್ಯೂಯಾರ್ಕಿನಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಪ್ರಯೋಗಶಾಲೆಯೊಂದರಲ್ಲಿ ಜಾರ್ಜ್ ಹರ್ಸ್ಟ್ ಎಂಬ ಸಂಶೋಧಕನು ಸೋಂಕು ತಗುಲಿದ ಮೊಟ್ಟೆಗಳಿಂದ ದ್ರವವನ್ನು ತೆಗೆಯುತ್ತಿದ್ದಾಗ ಭ್ರೂಣದ ರಕ್ತನಾಳವು ಹರಿದು ರಕ್ತವು ದ್ರವದೊಡನೆ ಬೆರೆಯಿತು. ಬೆರೆತ ಕೆಂಪು ರಕ್ತಕಣಗಳು ಬಿಡಿಬಿಡಿಯಾಗಿ ತೇಲದೆ ಒಂದಕ್ಕೊಂದು ಅಂಟಿ ಗುಂಪುಗಟ್ಟಿದವು. ರಕ್ತ ಬೆರೆತ ದ್ರವವನ್ನು ಕೆಟ್ಟಿತೆಂದು ಚೆಲ್ಲಿಬಿಡುವುದು ಸುಲಭವಾಗಿತ್ತು. ಹರ್ಸ್ಟನು ಹಾಗೆ ಮಾಡದೆ ಕಾರಣವನ್ನು ವಿಚಾರಿಸಿದನು. ವೈರಸ್ಸುಳ್ಳ ದ್ರವವು ಮಾತ್ರ ಕಣಗಳನ್ನು ಗುಂಪುಗೂಡಿಸುತ್ತದೆಂದೂ, ರೋಗದಿಂದ ಚೇತರಿಸಿಕೊಂಡವರ ರಕ್ತದ್ರವವನ್ನು ಸೇರಿಸಿದರೆ ಈ ಕ್ರಿಯೆಯು ತಡೆಯಲ್ಪಡುತ್ತದೆಂದೂ ಕಂಡುಕೊಂಡನು. ಇದು ಪ್ರಕಟವಾದುದು ೧೯೪೧ರಲ್ಲಿ. ಅದೇ ವರ್ಷ ಕೆನಡದ ಟೊರಾಂಟೊ ನಗರದಲ್ಲಿ ಮೆಕ್ಲೆಲೆಂಡ್ ಮತ್ತು ಹೇರ್ ಎಂಬಿಬ್ಬರೂ ಸ್ವತಂತ್ರವಾಗಿ ಇದೇ ಸಂಗತಿಯನ್ನು ಕಂಡರು. ಕೋಳಿಮೊಟ್ಟೆಯ ವಿಧಾನವು ಎಲ್ಲೆಡೆಯೂ ಬಳಕೆಗೆ ಬಂದಿದ್ದುದರಿಂದ ಈ ಆಕಸ್ಮಿಕವು ಎಲ್ಲಿಯಾದರೂ ಸಂಭವಿಸಬಹುದಾಗಿತ್ತು. ಆಕಸ್ಮಿಕವು ಅನೇಕರ ಪಾಲಿಗೆ ಬರುತ್ತದೆ. ಅದನ್ನು ಪ್ರಶ್ನೆಯಾಗಿ ಮಾರ್ಪಡಿಸುವವರು ಕೆಲವರೇ.

ಗುಂಪುಗಟ್ಟುವಿಕೆಯ ಅರ್ಥವು ಸ್ಪಷ್ಟವಾಗಿಯೇ ಇತ್ತು. ಒಂದು ವೈರಸ್ ಕಣವು ಏಕಕಾಲದಲ್ಲಿ ಎರಡು ರಕ್ತಕಣಗಳನ್ನು ಹಿಡಿದು ಅವುಗಳ ನಡುವೆ ಸೇತುವೆಯಾಗುತ್ತದೆ. ರಕ್ತಕಣವು ಈ ವೈರಸ್ಸು ಬೆಳೆಯುವ ಸ್ಥಳವಲ್ಲ. ಆದರೂ ಅದರ ಮೇಲ್ಮೈಯಲ್ಲಿ ವೈರಸ್ಸಿಗೆ ಬೇಕಾದ ಆಸರೆಯಿತ್ತು. ೧೯೪೩ರಲ್ಲಿ ಹರ್ಸ್ಟನೇ ಫೆರೆಟ್ಟಿನ ಶ್ವಾಸಕೋಶದ ಜೀವಕೋಶಗಳೂ ಇದೇ ರೀತಿಯಲ್ಲಿ ವೈರಸ್ಸನ್ನು ಹಿಡಿಯುತ್ತವೆಂದು ತೋರಿಸಿದನು. ಹೀಗೆ ಸುಲಭವಾಗಿ ದೊರೆಯುವ ರಕ್ತಕಣವು, ಪರೀಕ್ಷೆಗೆ ದುರ್ಲಭವಾದ ಶ್ವಾಸಕೋಶದ ಪರವಾಗಿ ಸಾಕ್ಷ್ಯ ನುಡಿಯತೊಡಗಿತು.

೪. ನಿರ್ಗಮನದ ಸಾಕ್ಷ್ಯ

ಹರ್ಸ್ಟನ ೧೯೪೨ರ ಪ್ರಯೋಗಗಳು ಮೊದಲಿನದಕ್ಕಿಂತ ಹೆಚ್ಚು ಅರ್ಥವತ್ತಾದುವು. ರಕ್ತಕಣಗಳನ್ನೂ ವೈರಸ್ಸನ್ನೂ ಬೆರೆಸಿ ಶೀತದಲ್ಲಿಟ್ಟರೆ ವೈರಸ್ಸು ಕಣಗಳಿಗೆ ಅಂಟಿಕೊಂಡೇ ಇರುತ್ತಿತ್ತು. ಶರೀರದ ಉಷ್ಣತೆಗೆ, ಎಂದರೆ ಸುಮಾರು ೩೭ ಡಿಗ್ರಿಗೆ, ಏರಿಸಿದರೆ ಕೆಲವು ಗಂಟೆಗಳಲ್ಲಿ ವೈರಸ್ಸು ತಾನಾಗಿಯೇ ಕಳಚಿಕೊಂಡು ದ್ರವಕ್ಕೆ ಮರಳುತ್ತಿತ್ತು. ಬೇರ್ಪಟ್ಟ ವೈರಸ್ಸನ್ನು ಹೊಸ ರಕ್ತಕಣಗಳಿಗೆ ಸೇರಿಸಿದರೆ ಮೊದಲಿನಂತೆಯೇ ಗುಂಪುಗೂಡಿಸುವ ಶಕ್ತಿ ಅದಕ್ಕಿತ್ತು. ಆದರೆ ಅದು ಬಿಟ್ಟುಹೋದ ಹಳೆಯ ರಕ್ತಕಣಗಳಿಗೆ ಅದೇ ವೈರಸ್ಸನ್ನು ಮತ್ತೆ ಸೇರಿಸಿದರೂ ಅವು ಗುಂಪುಗಟ್ಟುತ್ತಿರಲಿಲ್ಲ.

ಇದರ ತಾತ್ಪರ್ಯವನ್ನು ಎಳೆಯೆಳೆಯಾಗಿ ಗ್ರಹಿಸಬೇಕು. ವೈರಸ್ಸಿನಲ್ಲಿ ಬದಲಾವಣೆ ಆಗಿಲ್ಲ, ರಕ್ತಕಣದಲ್ಲಿ ಆಗಿದೆ. ಕಣದ ಮೇಲೆ ಮೊದಲು ಇದ್ದುದೊಂದು ಈಗ ಇಲ್ಲ. ವೈರಸ್ಸೇ ಅದನ್ನು ನಾಶಪಡಿಸಿದೆ. ತಾನು ವ್ಯಯವಾಗದೆ ಮತ್ತೊಂದು ವಸ್ತುವನ್ನು ಒಡೆಯುವುದು ಕಿಣ್ವಗಳ ಗುಣವಾದ್ದರಿಂದ ವೈರಸ್ಸಿನಲ್ಲಿ ಕಿಣ್ವವೊಂದು ಇರಬೇಕು. ಆ ಕಿಣ್ವವು ಕತ್ತರಿಸುವ ವಸ್ತುವೇ ವೈರಸ್ಸು ಹಿಡಿಯುವ ವಸ್ತುವಾಗಿರಬೇಕು. ಶಾಸನವೊಂದರಲ್ಲಿ ದಾನಿಯ ಹೆಸರನ್ನು ಉಳಿಯಿಂದ ಕೆತ್ತಿ ತೆಗೆದಿದ್ದರೆ, ಹೆಸರು ಹೋದರೂ ಅಲ್ಲಿ ಹೆಸರಿತ್ತೆಂಬುದನ್ನು ಆ ಕೆತ್ತಿದ ಗುರುತೇ ಹೇಳುತ್ತದೆ. ಹಾಗೆಯೇ ಇಲ್ಲಿಯೂ ಗ್ರಾಹಕದ ಇರವನ್ನು ಅದರ ನಾಶವೇ ಸಾರಿತು. ಏರ್ಲಿಚ್‌ನ ಕಾಲದಿಂದ ಊಹೆಯಾಗಿದ್ದ ಭಾವನೆಯು ಪರೀಕ್ಷೆಗೆ ಒಳಪಡತಕ್ಕ ವಿಷಯವಾಯಿತು.

ಈ ಎಳೆಯನ್ನು ಕೈಗೆತ್ತಿಕೊಂಡವರು ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ವಾಲ್ಟರ್ ಅಂಡ್ ಎಲಿಜಾ ಹಾಲ್ ಸಂಸ್ಥೆಯ ಮ್ಯಾಕ್‌ಫರ್ಲೇನ್ ಬರ್ನೆಟ್ ಮತ್ತು ಆತನ ಸಹೋದ್ಯೋಗಿಗಳು. ೧೯೪೬ರಲ್ಲಿ ಇವರು, ಇನ್‌ಫ್ಲುಯೆಂಜಾ, ಕೋಳಿಗಳ ನ್ಯೂಕ್ಯಾಸಲ್ ರೋಗ, ಕೆಪ್ಪಟರಾಯ ಮೊದಲಾದವುಗಳ ವೈರಸ್ಸುಗಳನ್ನು ಒಂದು ಶ್ರೇಣಿಯಾಗಿ ಜೋಡಿಸಬಹುದೆಂದು ತೋರಿಸಿದರು. ಶ್ರೇಣಿಯ ಒಂದು ವೈರಸ್ಸು ಬಿಟ್ಟುಹೋದ ಕಣಗಳನ್ನು ಅದಕ್ಕಿಂತ ಹಿಂದಿನವು ಹಿಡಿಯಲಾರವು, ಮುಂದಿನವು ಹಿಡಿಯಬಲ್ಲವು. ಇದಕ್ಕೆ ಅವರು ಗ್ರಾಹಕ ಶ್ರೇಣಿಯೆಂದು ಹೆಸರಿಟ್ಟರು. ಮರುವರ್ಷ ಇನ್ನೂ ವಿಚಿತ್ರವಾದ ಸಂಗತಿ ಹೊರಬಿದ್ದಿತು. ಕಾಲರಾ ರೋಗಾಣುಗಳನ್ನು ಬೆಳೆಸಿ ಶೋಧಿಸಿದ ದ್ರವದಲ್ಲಿಯೂ ರಕ್ತಕಣಗಳ ಗ್ರಾಹಕವನ್ನು ನಾಶಮಾಡುವ ಕಿಣ್ವವು ಇದ್ದಿತು. ಕರುಳಿನ ಬ್ಯಾಕ್ಟೀರಿಯಕ್ಕೂ ಶ್ವಾಸಮಾರ್ಗದ ವೈರಸ್ಸಿಗೂ ಏನು ಸಂಬಂಧವೆಂಬ ಪ್ರಶ್ನೆ ಹಾಗಿರಲಿ. ಸಂಶೋಧಕರಿಗೆ ವೈರಸ್ಸಿನ ಹಂಗಿಲ್ಲದ ಒಂದು ಉಪಕರಣವು ದೊರೆತಂತಾಯಿತು. ೧೯೪೮ರಲ್ಲಿ ಜಾಯ್ಸ್ ಸ್ಟೋನ್ ಎಂಬ ಸಂಶೋಧಕಿಯು ಈ ಕಿಣ್ವವನ್ನು ಮುಂಚಿತವಾಗಿ ಪ್ರಯೋಗಿಸಿದ ಕೋಳಿಭ್ರೂಣಗಳಲ್ಲಿಯೂ ಇಲಿಗಳಲ್ಲಿಯೂ ಇನ್‌ಫ್ಲುಯೆಂಜಾ ಸೋಂಕನ್ನು ತಡೆಯಬಹುದೆಂದು ತೋರಿಸಿದಳು. ರಕ್ತಕಣದ ಮೇಲೆ ಕಂಡುದು ಪ್ರಯೋಗನಳಿಕೆಯ ಕೌತುಕ ಮಾತ್ರವಲ್ಲ, ರೋಗದ ಮೊದಲ ಮೆಟ್ಟಿಲೇ ಅದೆಂಬುದು ಇದರಿಂದ ಸ್ಥಿರಪಟ್ಟಿತು.

೫. ವಸ್ತು

ನಾಶವಾದ ವಸ್ತು ಯಾವುದು? ಈ ಪ್ರಶ್ನೆಗೆ ಉತ್ತರವನ್ನು ಅರಸಿದವನು ಆಲ್ಫ್ರೆಡ್ ಗಾಟ್‌ಶಾಲ್ಕ್. ಯೆಹೂದಿ ಮೂಲದವನಾದ ಈ ಜರ್ಮನ್ ವಿಜ್ಞಾನಿಯು ನಾಜಿಗಳ ಆಳ್ವಿಕೆಯಲ್ಲಿ ಸ್ವದೇಶವನ್ನು ತೊರೆದು ೧೯೩೯ರಲ್ಲಿ ಮೆಲ್ಬರ್ನಿಗೆ ಬಂದು ಬರ್ನೆಟ್‌ನ ಸಂಸ್ಥೆಯಲ್ಲಿ ಆಶ್ರಯ ಪಡೆದಿದ್ದನು. ಮೊಟ್ಟೆಯ ಬಿಳಿಯ ಭಾಗದಲ್ಲಿರುವ ಲೋಳೆಯು ವೈರಸ್ಸನ್ನು ರಕ್ತಕಣದಂತೆಯೇ ಹಿಡಿಯುತ್ತದೆಂಬುದನ್ನು ಆಧಾರವಾಗಿಟ್ಟುಕೊಂಡು, ೧೯೪೯ರಲ್ಲಿ ಆತನು ಲಿಂಡ್ ಎಂಬ ಸಹೋದ್ಯೋಗಿಯೊಡನೆ, ವೈರಸ್ಸಿನ ಕಿಣ್ವವು ಆ ಲೋಳೆಯಿಂದ ಒಂದು ಸಣ್ಣ ಅಣುವನ್ನು ಕತ್ತರಿಸಿ ಬಿಡುಗಡೆ ಮಾಡುವುದನ್ನು ತೋರಿಸಿದನು. ಈ ತುಣುಕು ಯಾವುದೆಂಬುದು ಕೂಡಲೇ ತಿಳಿಯಲಿಲ್ಲ.

ಆದರೆ ಆ ವಸ್ತುವು ಬೇರೆಯವರ ಕೈಯಲ್ಲಿ, ಬೇರೆ ಹೆಸರುಗಳಲ್ಲಿ ಆಗಲೇ ಇದ್ದಿತು. ಸ್ವೀಡನ್ನಿನ ಉಪ್ಸಾಲದಲ್ಲಿ ಗುನ್ನಾರ್ ಬ್ಲಿಕ್ಸ್ ಎಂಬಾತನು ೧೯೩೬ರಲ್ಲಿ ಹಸುವಿನ ಜೊಲ್ಲುಗ್ರಂಥಿಯ ಲೋಳೆಯಿಂದ ಒಂದು ಆಮ್ಲವನ್ನು ಹರಳಿನ ರೂಪದಲ್ಲಿ ಪಡೆದಿದ್ದನು. ಏರ್ಲಿಚ್‌ನ ಹೆಸರಿನಿಂದಲೇ ಪ್ರಸಿದ್ಧವಾದ ಒಂದು ಪರೀಕ್ಷಕ ದ್ರವ್ಯದೊಡನೆ ಬಿಸಿಮಾಡಿದಾಗ ಅದು ನೇರಳೆ ಬಣ್ಣವನ್ನು ಕೊಡುತ್ತಿತ್ತು. ಗ್ರಾಹಕವೆಂಬ ಶಬ್ದವನ್ನು ಕೊಟ್ಟವನೇ, ತನಗರಿವಿಲ್ಲದಂತೆ, ಅದರ ಗುರುತಿನ ಬಣ್ಣವನ್ನೂ ಕೊಟ್ಟಂತಾಯಿತು. ಜರ್ಮನಿಯ ಕಲೋನಿನಲ್ಲಿ ಅರ್ನ್‌ಸ್ಟ್ ಕ್ಲೆಂಕ್ ಎಂಬಾತನು ಮೆದುಳಿನ ಕೊಬ್ಬಿನ ವಸ್ತುಗಳನ್ನು ಪರೀಕ್ಷಿಸುತ್ತ ತನಗೆ ದೊರೆತ ಆಮ್ಲಕ್ಕೆ ೧೯೪೧ರಲ್ಲಿ ನ್ಯೂರಮಿನಿಕ್ ಆಮ್ಲವೆಂದು ಹೆಸರಿಟ್ಟನು. ಹೈಡೆಲ್‌ಬರ್ಗಿನ ರಿಚರ್ಡ್ ಕೂನನು ಹಾಲಿನಿಂದ ಪಡೆದುದು ಲ್ಯಾಕ್ಟಮಿನಿಕ್ ಆಮ್ಲವೆನಿಸಿತು. ಬ್ಲಿಕ್ಸನು ೧೯೫೨ರಲ್ಲಿ ತನ್ನದನ್ನು, ಜೊಲ್ಲೆಂಬ ಅರ್ಥದ ಗ್ರೀಕ್ ಶಬ್ದದಿಂದ, ಸಿಯಾಲಿಕ್ ಆಮ್ಲವೆಂದು ಕರೆದನು. ಜೊಲ್ಲನ್ನು ಪರೀಕ್ಷಿಸಿದವನಿಗೆ ಜೊಲ್ಲಿನ ಹೆಸರು, ಮೆದುಳನ್ನು ಪರೀಕ್ಷಿಸಿದವನಿಗೆ ನರದ ಹೆಸರು, ಹಾಲನ್ನು ಪರೀಕ್ಷಿಸಿದವನಿಗೆ ಹಾಲಿನ ಹೆಸರು. ಒಬ್ಬನೇ ಅರಸನು ಬೇರೆ ಬೇರೆ ಸೀಮೆಗಳ ಶಾಸನಗಳಲ್ಲಿ ಬೇರೆ ಬೇರೆ ಬಿರುದುಗಳಿಂದ ಕಾಣಿಸಿಕೊಂಡು ಸಂಶೋಧಕರನ್ನು ತೊಡಕಿಗೆ ಸಿಕ್ಕಿಸುವುದನ್ನು ನಾವು ಬಲ್ಲೆವು. ರಸಾಯನ ವಿಜ್ಞಾನಿಗಳ ತೊಡಕೂ ಅದೇ ಜಾತಿಯದು.

೧೯೫೫ರಲ್ಲಿ ಕ್ಲೆಂಕ್ ಮತ್ತು ಸಂಗಡಿಗರು ವೈರಸ್ಸಿನ ಕಿಣ್ವವು ಬಿಡಿಸುವ ತುಣುಕು ನ್ಯೂರಮಿನಿಕ್ ಆಮ್ಲದ ಒಂದು ರೂಪವೇ ಎಂದು ತೋರಿಸಿದರು. ೧೯೫೭ರಲ್ಲಿ ಬ್ಲಿಕ್ಸ್, ಗಾಟ್‌ಶಾಲ್ಕ್, ಕ್ಲೆಂಕ್ ಮೂವರೂ ಕೂಡಿ ಹೆಸರುಗಳ ವಿಷಯದಲ್ಲಿ ಒಂದು ಒಪ್ಪಂದವನ್ನು ಪ್ರಕಟಿಸಿದರು. ಇಡೀ ವರ್ಗಕ್ಕೆ ಸಿಯಾಲಿಕ್ ಆಮ್ಲಗಳೆಂಬ ಹೆಸರು ನಿಂತಿತು. ಅದೇ ವರ್ಷ ಗಾಟ್‌ಶಾಲ್ಕನು ಕಿಣ್ವವನ್ನು ನ್ಯೂರಮಿನಿಡೇಸ್ ಎಂದು ಕರೆದನು. ಯುದ್ಧದ ಒಂದು ಪಕ್ಷದ ದೇಶದಿಂದ ಹೊರದೂಡಲ್ಪಟ್ಟವನು, ಅದೇ ದೇಶದಲ್ಲಿ ಉಳಿದವನು, ತಟಸ್ಥ ರಾಜ್ಯದ ಮೂರನೆಯವನು ಎಂಬ ಈ ಮೂವರ ಸಹಿಯು ಒಂದೇ ಬರಹದ ಕೆಳಗೆ ಬಂದುದು ಯುದ್ಧೋತ್ತರ ವಿದ್ವತ್ ಜೀವನದ ಚರಿತ್ರೆಯಲ್ಲಿಯೂ ನೆನೆಯತಕ್ಕ ವಿಷಯ.

೬. ಆಕಾರ

ವೈರಸ್ಸು ಹಿಡಿಯುವ ವಸ್ತುವನ್ನೇ ಕತ್ತರಿಸುವ ಕಿಣ್ವವನ್ನೂ ಹೊತ್ತಿರುವುದೇಕೆ? ಒಳಗೆ ಹೋಗಲು ಕಿಣ್ವವು ಬೇಕೆಂದು ಬಹುಕಾಲ ಭಾವಿಸಲಾಗಿತ್ತು. ಹಿಡಿಯುವ ಪ್ರೋಟೀನು ಮತ್ತು ಕತ್ತರಿಸುವ ಪ್ರೋಟೀನು ಬೇರೆಬೇರೆಯೆಂಬುದು ೧೯೬೦ರ ದಶಕದಲ್ಲಿ ಖಚಿತವಾಯಿತು. ೧೯೭೪ರಲ್ಲಿ ಪಲೇಸೆ ಮತ್ತು ಸಹೋದ್ಯೋಗಿಗಳು, ಕಿಣ್ವವು ಕೆಟ್ಟ ವೈರಸ್ಸುಗಳು ಕೋಶದಲ್ಲಿ ಹುಟ್ಟಿದರೂ ಬಿಟ್ಟುಹೋಗಲಾರದೆ ಮೇಲ್ಮೈಯಲ್ಲಿಯೇ ಒಂದಕ್ಕೊಂದು ಅಂಟಿ ರಾಶಿಬೀಳುವುದನ್ನು ತೋರಿಸಿದರು. ಪ್ರವೇಶಕ್ಕೆ ಆಸರೆಯಾದ ಅಣುವೇ ನಿರ್ಗಮನಕ್ಕೆ ಅಡ್ಡಿ. ಅಡ್ಡಿಯನ್ನು ಕಡಿಯುವುದು ಕಿಣ್ವದ ಮುಖ್ಯ ಕಾರ್ಯ. ಹರ್ಸ್ಟನು ೧೯೪೨ರಲ್ಲಿ ರಕ್ತಕಣಗಳ ಮೇಲೆ ಕಂಡುದು ಈ ನಿರ್ಗಮನದ ಕ್ರಿಯೆಯನ್ನೇ.

೧೯೮೧ರಲ್ಲಿ ವಿಲ್ಸನ್, ಸ್ಕೆಹೆಲ್, ವೈಲಿ ಎಂಬವರು ಕ್ಷ-ಕಿರಣಗಳ ಸಹಾಯದಿಂದ ಹಿಡಿಯುವ ಪ್ರೋಟೀನಿನ ರಚನೆಯನ್ನು ನಿರ್ಧರಿಸಿದರು. ಮೂರು ಸಮಾನ ಭಾಗಗಳು ಹೆಣೆದ ಕಂಬದಂತಿರುವ ಅದರ ತುದಿಯಲ್ಲಿ ಪ್ರತಿ ಭಾಗಕ್ಕೊಂದರಂತೆ ಆಳವಿಲ್ಲದ ಕುಳಿಗಳಿವೆ. ಆ ಕುಳಿಯಲ್ಲಿ ಸಿಯಾಲಿಕ್ ಆಮ್ಲವು ಕುಳಿತಿರುವ ಚಿತ್ರವು ೧೯೮೮ರಲ್ಲಿ ದೊರೆಯಿತು. ಒಂದೊಂದು ಕುಳಿಯ ಹಿಡಿತವೂ ಬಲು ದುರ್ಬಲ. ವೈರಸ್ಸಿನ ಮೈಮೇಲಿನ ನೂರಾರು ಕಂಬಗಳಲ್ಲಿ ಅನೇಕವು ಕೂಡಿ ಹಿಡಿದಾಗಲೇ ಅದು ದೃಢವಾಗುತ್ತದೆ. ಅನಂತರ ಕೋಶವು ವೈರಸ್ಸನ್ನು ಒಂದು ಚೀಲದೊಳಗೆ ಸೆಳೆದುಕೊಳ್ಳುತ್ತದೆ. ಚೀಲದೊಳಗಣ ಆಮ್ಲತೆಯಿಂದ ಪ್ರೋಟೀನಿನ ಆಕಾರವು ಬದಲಾಗಿ ಎರಡು ಪೊರೆಗಳು ಬೆಸೆದುಕೊಳ್ಳುತ್ತವೆ.

ಕಿಣ್ವದ ರಚನೆಯನ್ನು ೧೯೮೩ರಲ್ಲಿ ಆಸ್ಟ್ರೇಲಿಯದ ವರ್ಗೀಸ್, ಲೇವರ್, ಕೋಲ್‌ಮನ್ ಎಂಬವರು ಪ್ರಕಟಿಸಿದರು. ಅದರ ಕುಳಿಗೆ ಹೊಂದುವಂತೆ ರೂಪಿಸಿದ ಜನಾಮಿವಿರ್ ಎಂಬ ಔಷಧದ ವಿವರವು ೧೯೯೩ರಲ್ಲಿ ಬಂದು, ೧೯೯೯ರಲ್ಲಿ ಅದಕ್ಕೆ ಬಳಕೆಯ ಅನುಮತಿ ದೊರೆಯಿತು. ಈ ಔಷಧವು ವೈರಸ್ಸಿನ ಪ್ರವೇಶವನ್ನು ತಡೆಯುವುದಿಲ್ಲ, ನಿರ್ಗಮನವನ್ನು ತಡೆಯುತ್ತದೆ. ಗ್ರಾಹಕದ ಅರಿವು ಎಲ್ಲಿಂದ ಆರಂಭವಾಯಿತೋ ಔಷಧವೂ ಅಲ್ಲಿಂದಲೇ ಬಂದಿತು.

೭. ಹಕ್ಕಿ ಮತ್ತು ಮನುಷ್ಯ

೧೯೧೮ರ ಪಿಡುಗಿಗೆ ಈ ಚರಿತ್ರೆಯ ಸಂಬಂಧವೇನೆಂಬುದನ್ನು ಇನ್ನು ಹೇಳಬೇಕಾಗಿದೆ. ಸಿಯಾಲಿಕ್ ಆಮ್ಲವು ಪಕ್ಕದ ಸಕ್ಕರೆಗೆ ಎರಡು ಬಗೆಯಲ್ಲಿ ಸೇರಿಕೊಂಡಿರಬಹುದು: ಆ ಸಕ್ಕರೆಯ ಮೂರನೆಯ ಸ್ಥಾನದಲ್ಲಿ, ಇಲ್ಲವೆ ಆರನೆಯ ಸ್ಥಾನದಲ್ಲಿ. ಹಕ್ಕಿಗಳ ವೈರಸ್ಸುಗಳು ಮೊದಲನೆಯ ಬಗೆಯನ್ನೂ ಮನುಷ್ಯರಲ್ಲಿ ನೆಲೆಸಿದವು ಎರಡನೆಯ ಬಗೆಯನ್ನೂ ಮೆಚ್ಚುತ್ತವೆಂದು ೧೯೮೩ರಲ್ಲಿ ರೋಜರ್ಸ್, ಪಾಲ್ಸನ್ ಮೊದಲಾದವರು ತೋರಿಸಿದರು. ಮನುಷ್ಯನ ಶ್ವಾಸಮಾರ್ಗದ ಮೇಲ್ಭಾಗದಲ್ಲಿ ಆರನೆಯ ಸ್ಥಾನದ ಬಗೆಯೇ ಹೆಚ್ಚು. ಮೂರನೆಯದು ಶ್ವಾಸಕೋಶದ ಆಳದಲ್ಲಿ ಹೆಚ್ಚಾಗಿ ಕಾಣುತ್ತದೆಂದು ೨೦೦೬ರಲ್ಲಿ ತಿಳಿಯಿತು. ಮೂಗು ಗಂಟಲುಗಳಲ್ಲಿ ಬೆಳೆಯುವ ವೈರಸ್ಸು ಕೆಮ್ಮು ಸೀನುಗಳೊಡನೆ ಸುಲಭವಾಗಿ ಹರಡುತ್ತದೆ. ಆಳದಲ್ಲಿ ಬೆಳೆಯುವುದು ರೋಗಿಯನ್ನು ಕೊಲ್ಲಬಹುದಾದರೂ ಅಷ್ಟು ಸುಲಭವಾಗಿ ಹರಡಲಾರದು. ಹಾಂಗ್‌ಕಾಂಗಿನಲ್ಲಿ ೧೯೯೭ರಲ್ಲಿ ಕೋಳಿಗಳಿಂದ ೧೮ ಜನರಿಗೆ ಸೋಂಕು ತಗುಲಿ ೬ ಜನ ಸತ್ತರೂ ಅದು ಊರೆಲ್ಲ ಹಬ್ಬದಿರಲು ಇದು ಒಂದು ಕಾರಣ.

ಈ ಎರಡು ಅಭಿರುಚಿಗಳ ನಡುವಣ ಅಂತರವು ಅತ್ಯಲ್ಪ. ೧೯೧೮ರ ವೈರಸ್ಸನ್ನು ಪ್ರಯೋಗಶಾಲೆಯಲ್ಲಿ ಮತ್ತೆ ರಚಿಸಿದ ಅಮೆರಿಕದ ಸಂಶೋಧಕರು, ಅದರ ಹಿಡಿಯುವ ಪ್ರೋಟೀನಿನಲ್ಲಿ ಎರಡೇ ಘಟಕಗಳನ್ನು ಹಕ್ಕಿಯ ಮಾದರಿಗೆ ಬದಲಾಯಿಸಿದಾಗ ಅದು ಫೆರೆಟ್ಟಿನಿಂದ ಫೆರೆಟ್ಟಿಗೆ ಹರಡುವ ಶಕ್ತಿಯನ್ನು ಕಳೆದುಕೊಂಡಿತೆಂದು ೨೦೦೭ರಲ್ಲಿ ವರದಿ ಮಾಡಿದರು. ೨೦೨೪ರಲ್ಲಿ ಅಮೆರಿಕದ ಹಾಲಿನ ಹಸುಗಳಲ್ಲಿ ಹಕ್ಕಿಜ್ವರದ ವೈರಸ್ಸು ಹಬ್ಬಿತು. ಆ ವೈರಸ್ಸಿನ ಹಿಡಿಯುವ ಪ್ರೋಟೀನಿನಲ್ಲಿ ಒಂದೇ ಘಟಕದ ಬದಲಾವಣೆಯಿಂದ ಅದು ಮನುಷ್ಯರ ಬಗೆಯ ಗ್ರಾಹಕವನ್ನು ಹಿಡಿಯಬಲ್ಲದೆಂದು ಆ ವರ್ಷದ ಕೊನೆಯಲ್ಲಿ ಪ್ರಕಟವಾಯಿತು. ಇದರಿಂದ ಪಿಡುಗು ನಿಶ್ಚಿತವೆಂದು ಹೇಳಲಾಗದು. ರಕ್ತಕಣವು ವೈರಸ್ಸನ್ನು ಹಿಡಿದರೂ ಅದರಲ್ಲಿ ವೈರಸ್ಸು ಬೆಳೆಯಲಾರದೆಂಬುದನ್ನು ನಾವು ಆಗಲೇ ನೋಡಿದೆವು. ಗ್ರಾಹಕವು ಮೊದಲ ಬಾಗಿಲು ಮಾತ್ರ, ಒಳಗೆ ಬೇರೆ ಬಾಗಿಲುಗಳೂ ಇವೆ. ಪ್ರತಿಯೊಂದು ವೈರಸ್ಸಿನ ಗ್ರಾಹಕವೂ ಇದೇ ಅಲ್ಲವೆಂಬುದನ್ನೂ ಮರೆಯಬಾರದು. ಏಡ್ಸ್ ರೋಗದ ವೈರಸ್ಸು ಸಿಡಿ೪ ಎಂಬ ಪ್ರೋಟೀನನ್ನು ಹಿಡಿಯುವುದು ೧೯೮೪ರಲ್ಲಿ ತಿಳಿಯಿತು. ೨೦೦೩ರಲ್ಲಿ ಸಾರ್ಸ್ ವೈರಸ್ಸಿನ ಗ್ರಾಹಕವೆಂದು ಗುರುತಿಸಲಾದ ಎಸಿಇ೨ ಎಂಬ ಪ್ರೋಟೀನೇ ೨೦೨೦ರಲ್ಲಿ ಕೋವಿಡ್ ವೈರಸ್ಸಿನ ಗ್ರಾಹಕವೂ ಆಗಿ ಕಂಡುಬಂದಿತು. ಹಿಂದಿನ ಅಧ್ಯಯನವು ಇದ್ದುದರಿಂದಲೇ ಈ ಎರಡನೆಯ ನಿರ್ಣಯಕ್ಕೆ ಕೆಲವೇ ವಾರಗಳು ಸಾಕಾದವು. ಇನ್‌ಫ್ಲುಯೆಂಜಾದ ವಿಷಯದಲ್ಲಿ ೧೯೪೧ರಿಂದ ೧೯೫೭ರವರೆಗೆ ಹದಿನಾರು ವರ್ಷಗಳು ಬೇಕಾಗಿದ್ದವು.

೮. ಉಪಸಂಹಾರ

ಈ ಚರಿತ್ರೆಯಿಂದ ಎರಡು ಮಾತುಗಳನ್ನು ಸಂಗ್ರಹಿಸಬಹುದು. ಒಂದು, ಹೆಸರು ಮುಂಚೆ ಬಂದು ವಸ್ತು ಅನಂತರ ಬರುವುದು ವಿಜ್ಞಾನದಲ್ಲಿ ದೋಷವಲ್ಲ. ಹೆಸರನ್ನೇ ವಸ್ತುವೆಂದು ತಿಳಿದು ಹುಡುಕಾಟವನ್ನು ನಿಲ್ಲಿಸುವುದು ದೋಷ. ಎರಡು, ಜೊಲ್ಲು, ಮೆದುಳು, ಹಾಲು, ಮೊಟ್ಟೆಯ ಲೋಳೆ ಇವುಗಳನ್ನು ಪರೀಕ್ಷಿಸುತ್ತಿದ್ದವರಲ್ಲಿ ಹೆಚ್ಚಿನವರು ಇನ್‌ಫ್ಲುಯೆಂಜಾದ ಗ್ರಾಹಕವನ್ನು ಅರಸುತ್ತಿರಲಿಲ್ಲ. ಆದರೂ ಅವರ ಕೆಲಸವಿಲ್ಲದೆ ಅದು ದೊರೆಯುತ್ತಿರಲಿಲ್ಲ. ಯಾವ ಅಧ್ಯಯನವು ಯಾವ ಕಾಲಕ್ಕೆ ಫಲ ಕೊಡುವುದೆಂಬುದನ್ನು ಮೊದಲೇ ನಿರ್ಣಯಿಸುವಂತಿಲ್ಲ.

೧೯೨೧ರ ಜನಗಣತಿಯ ಪುಟಗಳಲ್ಲಿ ಕಾಣುವ ಇಳಿತವು ನಮ್ಮ ವಿದ್ಯಾರ್ಥಿಗಳಿಗೆ ಒಂದು ಅಂಕಿಯಾಗಿ ಪರಿಚಿತವಾಗಿದೆ. ಆ ಅಂಕಿಯ ಹಿಂದೆ ಒಂದು ಪ್ರೋಟೀನಿನ ಎರಡು ಘಟಕಗಳ ವ್ಯತ್ಯಾಸವೂ ಇದ್ದಿತೆಂಬುದನ್ನು ಅರಿಯುವುದಕ್ಕೆ ಸುಮಾರು ತೊಂಬತ್ತು ವರ್ಷಗಳು ಹಿಡಿದವು. ಬರಗಾಲ, ಯುದ್ಧ, ಬಡತನಗಳು ಆ ಮರಣಗಳನ್ನು ಹೆಚ್ಚಿಸಿದವೆಂಬುದನ್ನು ಇದು ಅಲ್ಲಗಳೆಯುವುದಿಲ್ಲ. ಸಾಮಾಜಿಕ ಕಾರಣಗಳನ್ನು ವಿವೇಚಿಸುವ ಚರಿತ್ರಕಾರನು ಈ ಸೂಕ್ಷ್ಮ ಕಾರಣವನ್ನೂ ಜೊತೆಯಲ್ಲಿಟ್ಟುಕೊಂಡು ಆ ದಶಕವನ್ನು ಮತ್ತೊಮ್ಮೆ ಪರಿಶೀಲಿಸುವುದು ಉಚಿತವೆಂದು ಲೇಖಕನ ವಿನಮ್ರ ಅಭಿಪ್ರಾಯ.